8 ಯಾಕೆ 26 ಆಯ್ತು? ಅಪ್ಪನ ನಿದ್ದೆಯ ಉಸಿರಿನ ಲೆಕ್ಕ

ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಅಂದರೆ ಸ್ಲೀಪ್ ಆಪ್ನಿಯಾ, ಇದೆಯಾ ಅಂತ ನೋಡುವ ಅಪ್ಪನ ಮೊದಲ ಟೆಸ್ಟ್‌ನ ರಿಪೋರ್ಟ್‌ನಲ್ಲಿ 8 ಅಂತ ಇತ್ತು, ಗಂಟೆಗೆ ಅಷ್ಟು ಸಲ ಉಸಿರಿಗೆ ತೊಂದರೆ ಅಂತ. ಆರು ವಾರ ಬಿಟ್ಟು ಬಂದ ಎರಡನೇ ರಿಪೋರ್ಟ್‌ನಲ್ಲಿ 26. ಅದೇ ಅಪ್ಪ, ಅದೇ ಗಂಟಲು. ತೂಕದಲ್ಲೂ ವ್ಯತ್ಯಾಸ ಇಲ್ಲ. ಮೊದಲನೆಯದನ್ನು ನೋಡಿದ ಡಾಕ್ಟರು "ಸ್ವಲ್ಪ ಇದೆ ಅಷ್ಟೆ, ಆರು ತಿಂಗಳು ಬಿಟ್ಟು ನೋಡೋಣ" ಅಂದಿದ್ದರು. ಎರಡನೆಯದನ್ನು ನೋಡಿದವರು ಇನ್ನು ತಡ ಮಾಡೋದು ಬೇಡ ಅಂದರು. ಈ ಎರಡು ಅಂಕಿಗಳ ಮಧ್ಯೆ ಏನಾಯ್ತು ಅಂತ ನನಗೆ ಅರ್ಥ ಆಗೋಕೆ ಸುಮಾರು ದಿನ ಹಿಡಿಯಿತು. ಅರ್ಥ ಆದ ಮೇಲೆ ಬರೆಯಲೇಬೇಕು ಅನ್ನಿಸಿತು. ಮೊದಲ ರಿಪೋರ್ಟ್ ನೋಡಿ ನಾವೂ ಹೆಚ್ಚುಕಡಿಮೆ ಸುಮ್ಮನಾಗಿಬಿಟ್ಟಿದ್ದೆವು. ಹಾಗೆ ಸುಮ್ಮನಾದ ಇನ್ನೊಬ್ಬರು ಇದನ್ನು ಓದಲಿ ಅಂತ ನನ್ನ ಆಸೆ.

ಶುರುವಾಗಿದ್ದು ಕಣ್ಣಿನಿಂದ. ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕಿತ್ತು, ರಾತ್ರಿ ಎದ್ದಾಗ ಕೈ ಹಿಡಿಯೋಕೆ ಯಾರಾದರೂ ಬೇಕಿತ್ತು. ಹಾಗಾಗಿ ಒಂದು ವಾರ ಅವರ ರೂಮಲ್ಲೇ ನಾನು ಮಲಗಿದೆ. ಅಮ್ಮ ಎಷ್ಟೋ ವರ್ಷದಿಂದ ಪಕ್ಕದ ರೂಮಲ್ಲಿ ಮಲಗ್ತಾರೆ, ಗೊರಕೆಯ ಕಾಟಕ್ಕೆ. ಅಂದರೆ ಅಪ್ಪ ನಿದ್ದೆ ಮಾಡುವುದನ್ನು ಅಷ್ಟು ವರ್ಷದಿಂದ ಯಾರೂ ನೋಡಿಯೇ ಇರಲಿಲ್ಲ. ಇದು ಈಗ ಯೋಚಿಸಿದರೆ ಹೊಟ್ಟೆ ಕಿವುಚಿದ ಹಾಗಾಗುತ್ತೆ.

ಆಪರೇಷನ್ ಆದ ಕಡೆ ಒತ್ತಡ ಬೀಳಬಾರದು ಅಂತ ಅವರನ್ನು ಅಂಗಾತ ಮಲಗಿಸಿದ್ದೆವು. ಎರಡನೇ ರಾತ್ರಿ ನನಗೆ ಎಚ್ಚರ ಆಗಿದ್ದು ಗೊರಕೆಗೆ ಅಲ್ಲ, ಗೊರಕೆ ನಿಂತಿದ್ದಕ್ಕೆ. ಜೋರಾಗಿ ಏರುತ್ತಾ ಬಂದ ಸದ್ದು ಒಮ್ಮೆಲೇ ಕತ್ತರಿಸಿದ ಹಾಗೆ ನಿಂತಿತು. ಒಂದು ಕ್ಷಣ ಕಾದೆ. ಇನ್ನೂ ಒಂದು ಕ್ಷಣ ಕಾದೆ. ಹಾಸಿಗೆಯ ಪಕ್ಕದ ಸಣ್ಣ ಬೆಳಕಲ್ಲಿ ಅವರ ಹೊಟ್ಟೆ ಮಾತ್ರ ಏರ್ತಾ ಇಳೀತಾ ಇತ್ತು, ಆದರೆ ಮೂಗಿನ ಹತ್ತಿರ ಬೆರಳಿಟ್ಟರೆ ಗಾಳಿಯೇ ಇಲ್ಲ. ಎಬ್ಬಿಸೋಣ ಅಂತ ಭುಜಕ್ಕೆ ಕೈ ಹಾಕುವಷ್ಟರಲ್ಲಿ ಗಂಟಲಿಂದ ಗಕ್ ಅಂತ ಒಂದು ಸದ್ದು ಬಂತು, ಬಲಗಾಲು ಒದ್ದುಕೊಂಡಿತು, ನಾಲ್ಕೈದು ದೊಡ್ಡ ಉಸಿರು ಎಳೆದುಕೊಂಡರು, ಮತ್ತೆ ಗೊರಕೆ. ಕಣ್ಣು ಬಿಡಲೇ ಇಲ್ಲ. ಫೋನ್‌ನ ಸ್ಟಾಪ್‌ವಾಚ್ ತೆಗೆದು ಮುಂದಿನ ಸಲಗಳನ್ನು ಎಣಿಸಿದೆ. 14 ಸೆಕೆಂಡ್. 22. 31. 19. ಅರ್ಧ ಗಂಟೆಯಲ್ಲಿ 20 ದಾಟಿದ ಮೇಲೆ ಎಣಿಸುವುದನ್ನು ಬಿಟ್ಟು ಸುಮ್ಮನೆ ಕೂತೆ.

ಬೆಳಿಗ್ಗೆ ಹೇಳಿದರೆ ಅಪ್ಪ ನಂಬಲಿಲ್ಲ.

"ನಾನು ಚೆನ್ನಾಗಿ ನಿದ್ದೆ ಮಾಡಿದೀನಿ ಪುಟ್ಟಾ. ಎಚ್ಚರಾನೇ ಆಗಿಲ್ಲ."

"ಅಪ್ಪಾ, ನಿಮಗೆ ರಾತ್ರಿಯೆಲ್ಲಾ ಎಚ್ಚರ ಆಗಿದೆ. ನಿಮಗೆ ನೆನಪಿಲ್ಲ ಅಷ್ಟೆ."

ಇದನ್ನು ಆವತ್ತು ನಾನು ಊಹೆಯ ಮೇಲೆ ಹೇಳಿದ್ದು. ಆಮೇಲೆ ಗೊತ್ತಾಯಿತು, ಅದು ಅಕ್ಷರಶಃ ನಿಜ. ಉಸಿರು ಕಟ್ಟಿದಾಗ ಮೆದುಳು ಮೂರರಿಂದ ಹತ್ತು ಸೆಕೆಂಡ್‌ನಷ್ಟು ಎಚ್ಚರದ ಕಡೆ ಬಂದು, ಗಂಟಲ ಸ್ನಾಯುಗಳನ್ನು ಬಿಗಿ ಮಾಡಿ, ದಾರಿ ತೆರೆದು, ಮತ್ತೆ ಮುಳುಗುತ್ತೆ. ಅಷ್ಟು ಚಿಕ್ಕ ಎಚ್ಚರ ನೆನಪಲ್ಲಿ ಉಳಿಯುವುದಿಲ್ಲ. ಉಳಿಯುವುದು ಬೆಳಿಗ್ಗೆಯ ತಲೆಭಾರ, ಮಧ್ಯಾಹ್ನದ ತೂಕಡಿಕೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದೂ ಇದರದೇ ಬಾಲ ಆಗಿರಬಹುದು. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆಯುವಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ, ರಕ್ತ ಜಾಸ್ತಿ ಇದೆ ಅಂತ ದೇಹ ತಪ್ಪು ತಿಳಿಯುತ್ತೆ, ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುತ್ತೆ. ಅಪ್ಪ ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದರು.

ಈಗ ಆ ಅಂಕಿಯ ವಿಷಯಕ್ಕೆ ಬರ್ತೀನಿ. ಅದರ ಹೆಸರು ಎಎಚ್‌ಐ, ಆಪ್ನಿಯಾ ಹೈಪಾಪ್ನಿಯಾ ಇಂಡೆಕ್ಸ್. ಹೆಸರು ದೊಡ್ಡದು, ಲೆಕ್ಕ ಸುಲಭ. ನಿದ್ದೆಯ ಒಂದು ಗಂಟೆಗೆ ಎಷ್ಟು ಸಲ ಉಸಿರಿಗೆ ತೊಂದರೆ ಆಯಿತು ಅನ್ನುವುದು ಅಷ್ಟೆ. ಗಾಳಿಯ ಹರಿವು ಶೇ. 90 ಅಥವಾ ಅದಕ್ಕಿಂತ ಜಾಸ್ತಿ ಇಳಿದು ಕನಿಷ್ಠ 10 ಸೆಕೆಂಡ್ ಹಾಗೇ ಇದ್ದರೆ ಅದು ಆಪ್ನಿಯಾ. ಪೂರ್ತಿ ನಿಲ್ಲದೆ ಶೇ. 30ರಷ್ಟಾದರೂ ಇಳಿದು 10 ಸೆಕೆಂಡ್ ಇದ್ದು, ಜೊತೆಗೆ ರಕ್ತದ ಆಕ್ಸಿಜನ್ ಕುಸಿದರೆ ಅಥವಾ ಮೆದುಳು ಎಚ್ಚರಗೊಂಡರೆ ಅದು ಹೈಪಾಪ್ನಿಯಾ. ಎರಡನ್ನೂ ಕೂಡಿಸಿ ನಿದ್ದೆಯ ಗಂಟೆಗಳಿಂದ ಭಾಗಿಸಬೇಕು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸರಿ, 5ರಿಂದ 15 ಸಣ್ಣ ತೊಂದರೆ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಮಕ್ಕಳಿಗೆ ಈ ಅಳತೆ ಅಲ್ಲ, ಅವರಲ್ಲಿ ಗಂಟೆಗೆ 1 ಆದರೂ ಗಮನಿಸಬೇಕಾದ್ದೇ.

ಜ್ವರ ನೋಡುವಾಗ ಥರ್ಮಾಮೀಟರ್ 101 ತೋರಿಸಿದರೆ ಅದು 101. ಯಾರು ನೋಡಿದರೂ ಅಷ್ಟೆ. ಎಎಚ್‌ಐ ಹಾಗಲ್ಲ. ಅದು ಎಣಿಕೆ. ಯಾವುದನ್ನು ಎಣಿಸಿದರು, ಯಾವುದನ್ನು ಬಿಟ್ಟರು, ಯಾವುದರಿಂದ ಭಾಗಿಸಿದರು, ಆ ರಾತ್ರಿ ಹೇಗೆ ಮಲಗಿದ್ದರು, ಇಷ್ಟೂ ಅದರೊಳಗೆ ಅಡಗಿವೆ. ರಿಪೋರ್ಟ್‌ನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಒಂದೇ ಒಂದು ಅಂಕಿ. ಆ ಅಂಕಿಯನ್ನು ನೋಡಿ "ಓ, ಸ್ವಲ್ಪ ಅಷ್ಟೆ" ಅಂತ ನಾವು ಉಸಿರು ಬಿಟ್ಟಿದ್ದು.

ಮೊದಲ ಟೆಸ್ಟ್ ಮನೆಯಲ್ಲೇ ಮಾಡಿದ್ದು. ಒಂದು ಸಣ್ಣ ಡಬ್ಬಿ, ಎದೆಗೆ ಒಂದು ಬೆಲ್ಟ್, ಮೂಗಿನ ಕೆಳಗೆ ಎರಡು ಕವಲಿನ ಪ್ಲಾಸ್ಟಿಕ್ ನಳಿಕೆ, ಬೆರಳಿಗೆ ಆಕ್ಸಿಮೀಟರ್. ಮನೆಯ ಟೆಸ್ಟ್ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಸಾಕಷ್ಟು ಜನಕ್ಕೆ ಅದೇ ಸಾಕಾಗುತ್ತೆ, ತೊಂದರೆ ಜಾಸ್ತಿ ಇದ್ದವರಲ್ಲಿ ಅದು ಚೆನ್ನಾಗಿಯೇ ಹಿಡಿಯುತ್ತೆ, ತಮ್ಮ ಹಾಸಿಗೆಯಲ್ಲೇ ಮಲಗುವ ಸುಖವೂ ಇದೆ. ಆದರೆ ಆ ಡಬ್ಬಿಗೆ ಒಂದು ವಿಷಯ ಗೊತ್ತಾಗುವುದಿಲ್ಲ. ಮಲಗಿದವರು ನಿದ್ದೆಯಲ್ಲಿದ್ದಾರಾ ಎಚ್ಚರವಾಗಿದ್ದಾರಾ ಅಂತ. ತಲೆಗೆ ತಂತಿ ಇಲ್ಲವಲ್ಲ.

ಅಪ್ಪನ ಆ ರಾತ್ರಿಯ ರೆಕಾರ್ಡಿಂಗ್ 8 ಗಂಟೆ 15 ನಿಮಿಷ. ಸಿಕ್ಕ ಘಟನೆಗಳು 66. ಭಾಗಿಸಿ ನೋಡಿ, ಸರಿಯಾಗಿ 8. ಆದರೆ ಆವತ್ತು ಅಪ್ಪ ತಂತಿಗಳ ಗಲಾಟೆಗೆ ಮಧ್ಯರಾತ್ರಿ ಒಂದೂವರೆ ತನಕ ಹೊರಳಾಡಿದ್ದರು, ಬೆಳಿಗ್ಗೆ ಎಚ್ಚರ ಆದ ಮೇಲೂ ಡಬ್ಬಿ ಆಫ್ ಮಾಡದೆ ಮಲಗೇ ಇದ್ದರು. ನಿಜವಾದ ನಿದ್ದೆ ಹೆಚ್ಚೆಂದರೆ 5 ಗಂಟೆ. 66ನ್ನು 5ರಿಂದ ಭಾಗಿಸಿದರೆ 13 ದಾಟುತ್ತೆ. ಎಚ್ಚರವಾಗಿ ಛಾವಣಿ ನೋಡ್ತಾ ಕಳೆದ ಮೂರು ಗಂಟೆಯೂ ಲೆಕ್ಕದಲ್ಲಿ ಒಳ್ಳೆಯ ನಿದ್ದೆಯ ಹಾಗೆ ಸೇರಿಕೊಂಡಿತ್ತು. ಈ ಕಾರಣಕ್ಕೇ ಮನೆ ಟೆಸ್ಟ್‌ನ ಅಂಕಿಗೆ ಬೇರೆ ಹೆಸರೇ ಇದೆ, ಆರ್‌ಇಐ ಅಂತಾರೆ, ರೆಸ್ಪಿರೇಟರಿ ಇವೆಂಟ್ ಇಂಡೆಕ್ಸ್. ಅಪ್ಪನ ರಿಪೋರ್ಟ್‌ನಲ್ಲೂ ಸಣ್ಣ ಅಕ್ಷರದಲ್ಲಿ ಆರ್‌ಇಐ ಅಂತಲೇ ಇತ್ತು. ನಾವ್ಯಾರೂ ಅದನ್ನು ಗಮನಿಸಲಿಲ್ಲ.

ಇನ್ನೊಂದು ನಷ್ಟವೂ ಇತ್ತು. ಆಕ್ಸಿಜನ್ ಇಳಿಯದೆ, ಬರೀ ಎಚ್ಚರದಲ್ಲಿ ಮುಗಿಯುವ ಹೈಪಾಪ್ನಿಯಾಗಳನ್ನು ತಲೆಯ ತಂತಿ ಇಲ್ಲದೆ ಹಿಡಿಯೋಕೆ ಆಗುವುದಿಲ್ಲ. ಅವೆಲ್ಲಾ ಎಣಿಕೆಗೇ ಬಂದಿಲ್ಲ. ಅಂದರೆ ಭಾಗಾಕಾರದಲ್ಲಿ ಮೇಲಿನ ಸಂಖ್ಯೆ (ಘಟನೆಗಳು) ಕಡಿಮೆ, ಕೆಳಗಿನ ಸಂಖ್ಯೆ (ಗಂಟೆಗಳು) ಜಾಸ್ತಿ. ಎರಡೂ ಕಡೆಯಿಂದ ಅಂಕಿ ಚಿಕ್ಕದಾಗುತ್ತಾ ಬಂತು.

ನನಗೆ ಸಮಾಧಾನ ಆಗಲಿಲ್ಲ. ನಾನು ಸ್ಟಾಪ್‌ವಾಚ್ ಹಿಡಿದ ಆ ಅರ್ಧ ಗಂಟೆಗೂ ಈ 8ಕ್ಕೂ ಹೊಂದಾಣಿಕೆಯೇ ಇಲ್ಲವಲ್ಲ. ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ ಎಣಿಸಿದ್ದನ್ನೆಲ್ಲಾ ಹೇಳಿದೆ. ಅವರು ಎಂಟು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಮರೇ ಜಾನ್ಸ್ ಅನ್ನುವ ಆಸ್ಟ್ರೇಲಿಯಾದ ಡಾಕ್ಟರು 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಸ್ಕೇಲ್ ಅದು. ಕೂತು ಓದುವಾಗ, ಟಿವಿ ನೋಡುವಾಗ, ಕಾರಲ್ಲಿ ಕೂತು ಪ್ರಯಾಣ ಮಾಡುವಾಗ ತೂಕಡಿಸುವ ಸಾಧ್ಯತೆ ಎಷ್ಟು ಅಂತ ಪ್ರತಿಯೊಂದಕ್ಕೂ 0ಯಿಂದ 3ರ ತನಕ ಅಂಕ ಹಾಕಬೇಕು. ಒಟ್ಟು 24. ಹತ್ತಕ್ಕಿಂತ ಜಾಸ್ತಿ ಬಂದರೆ ಹಗಲು ನಿದ್ದೆ ಅತಿಯಾಗಿದೆ ಅಂತ ಅರ್ಥ. ಅಪ್ಪ ತುಂಬಿದ್ದು 6. ಅದೇ ಹಾಳೆಯನ್ನು ಡಾಕ್ಟರು ಅಮ್ಮನ ಕೈಗೆ ಕೊಟ್ಟು "ಇವರ ಬಗ್ಗೆ ನೀವು ತುಂಬಿ" ಅಂದರು. ಅಮ್ಮ ಒಂದೊಂದಕ್ಕೂ ಯೋಚನೆ ಮಾಡಿ ತುಂಬಿದ್ದು 14. ಅಪ್ಪ ಸುಳ್ಳು ಹೇಳಿರಲಿಲ್ಲ. ಟಿವಿ ಮುಂದೆ ತಮಗೆ ಜೋಂಪು ಹತ್ತುವುದು ಅವರಿಗೆ ತಿಳಿದೇ ಇರಲಿಲ್ಲ. ಹೀಗೆ ಎರಡನೇ ಟೆಸ್ಟ್ ಲ್ಯಾಬಲ್ಲಿ ಅಂತ ತೀರ್ಮಾನ ಆಯಿತು.

ಆ ರಾತ್ರಿ ಜೊತೆಗೆ ಇರಲು ನನಗೆ ಅವಕಾಶ ಕೊಟ್ಟರು. ಟೆಕ್ನಿಷಿಯನ್ ಹುಡುಗ ಸುಮಾರು ಮುಕ್ಕಾಲು ಗಂಟೆ ತಂತಿ ಅಂಟಿಸಿದ. ತಲೆಗೆ ಮೆದುಳಿನ ಅಲೆಗಳಿಗೆ, ಎರಡೂ ಕಣ್ಣಿನ ಪಕ್ಕ ಕಣ್ಣಿನ ಚಲನೆಗೆ, ಗದ್ದದ ಮೇಲೆ ಸ್ನಾಯುವಿನ ಬಿಗಿತಕ್ಕೆ, ಎದೆಗೆ ಇಸಿಜಿಗೆ, ಕಾಲುಗಳಿಗೂ ಎರಡು. ಕುತ್ತಿಗೆಯ ಹತ್ತಿರ ಗೊರಕೆಗೆ ಮೈಕ್. ಎದೆಗೊಂದು, ಹೊಟ್ಟೆಗೊಂದು ಬೆಲ್ಟ್. ಮೂಗಿನ ಕೆಳಗೆ ಒಂದಲ್ಲ, ಎರಡು. ಯಾಕೆ ಎರಡು ಅಂತ ಕೇಳಿದೆ. ನಳಿಕೆ ಗಾಳಿಯ ಒತ್ತಡವನ್ನು ಅಳೆಯುತ್ತೆ, ಸಣ್ಣ ಇಳಿತವನ್ನೂ ಹಿಡಿಯುತ್ತೆ, ಆದರೆ ಬಾಯಲ್ಲಿ ಉಸಿರಾಡಿದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಇನ್ನೊಂದು ಉಸಿರಿನ ಬಿಸಿಯನ್ನು ಅಳೆಯುವ ಥರ್ಮಿಸ್ಟರ್, ಅದು ಬಾಯಿಯ ಹತ್ತಿರವೂ ಬರುತ್ತೆ. ಪೂರ್ತಿ ನಿಂತಿದೆಯಾ ಅನ್ನೋದಕ್ಕೆ ಥರ್ಮಿಸ್ಟರ್ ಸಾಕ್ಷಿ, ಕಡಿಮೆಯಾಗಿದೆಯಾ ಅನ್ನೋದಕ್ಕೆ ನಳಿಕೆ ಸಾಕ್ಷಿ.

ದೀಪ ಆರಿಸುವ ಮುಂಚೆ ಸ್ಪೀಕರ್‌ನಲ್ಲಿ ಅಪ್ಪನಿಗೆ ಹೇಳಿ ಒಂದೊಂದೇ ಮಾಡಿಸಿದ. ಕಣ್ಣು ಎಡಕ್ಕೆ, ಬಲಕ್ಕೆ. ಹಲ್ಲು ಕಚ್ಚಿ. ಪಾದ ಅಲ್ಲಾಡಿಸಿ. ಉಸಿರು ಹಿಡಿದುಕೊಳ್ಳಿ, ಬಿಡಿ. ಒಂದೊಂದಕ್ಕೂ ಪರದೆಯ ಮೇಲೆ ಸರಿಯಾದ ಗೆರೆ ಕುಣಿಯುತ್ತಾ ಅಂತ ನೋಡಿಕೊಂಡ. ಆಮೇಲೆ ನಾನು ಅವನ ಕುರ್ಚಿಯ ಪಕ್ಕ ಕೂತೆ.

ಆ ಪರದೆಯನ್ನು ನಾನು ಮರೆಯುವುದಿಲ್ಲ. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಅಪ್ಪ ಅಂಗಾತ ತಿರುಗಿದರು. ಉಸಿರಿನ ಗೆರೆ ಮೊದಲು ಗುಂಡಗಿನ ಗುಡ್ಡಗಳ ಹಾಗಿತ್ತು. ಸ್ವಲ್ಪ ಹೊತ್ತಿಗೆ ಗುಡ್ಡಗಳ ತಲೆ ಸವೆದ ಹಾಗೆ ಚಪ್ಪಟೆ ಆಗ್ತಾ ಬಂತು. "ಮೇಡಂ, ಇಲ್ಲಿ ನೋಡಿ, ಗಂಟಲು ಕಿರಿದಾಗ್ತಾ ಇದೆ" ಅಂದ. ಆಮೇಲೆ ಗುಡ್ಡಗಳೇ ಇಲ್ಲ, ಗೆರೆ ಮಲಗಿಬಿಟ್ಟಿತು. ಆದರೆ ಅದರ ಕೆಳಗಿನ ಎರಡು ಬೆಲ್ಟ್ ಗೆರೆಗಳು ನಿಂತಿರಲಿಲ್ಲ. ಎದೆಯ ಗೆರೆ ಕೆಳಗೆ ಹೋದಾಗ ಹೊಟ್ಟೆಯ ಗೆರೆ ಮೇಲೆ, ಹೊಟ್ಟೆಯದು ಕೆಳಗೆ ಬಂದಾಗ ಎದೆಯದು ಮೇಲೆ. ಮಾಮೂಲಿ ಉಸಿರಲ್ಲಿ ಎರಡೂ ಒಟ್ಟಿಗೆ ಏರಬೇಕು. ಬಾಗಿಲು ಮುಚ್ಚಿದೆ, ಒಳಗಿಂದ ಎಳೆಯುತ್ತಿದ್ದಾರೆ, ಗಾಳಿ ಬರ್ತಾ ಇಲ್ಲ. ಆವತ್ತು ಮನೆಯಲ್ಲಿ ನಾನು ಕಂಡ ಹೊಟ್ಟೆಯ ಏರಿಳಿತ ಇದೇ. ನಾಲ್ಕು ಸಲ, ಐದು ಸಲ, ಪ್ರತಿ ಸಲ ಎಳೆತ ಇನ್ನೂ ಜೋರು. ಆಮೇಲೆ ಮೆದುಳಿನ ಗೆರೆ ಗಿಜಿಗಿಜಿ ಅಂತ ಎಚ್ಚೆತ್ತಿತು, ಗದ್ದದ ಗೆರೆ ದಪ್ಪ ಆಯಿತು, ಗಾಳಿ ನುಗ್ಗಿತು.

ಈ ಬೆಲ್ಟ್‌ಗಳಿಂದಲೇ ಇನ್ನೊಂದು ಮುಖ್ಯವಾದ ವಿಷಯ ತಿಳಿಯುವುದು. ಗಾಳಿ ನಿಂತಾಗ ಬೆಲ್ಟ್‌ಗಳು ಆಡುತ್ತಿದ್ದರೆ ತೊಂದರೆ ಗಂಟಲಲ್ಲಿ, ಅದು ಅಬ್‌ಸ್ಟ್ರಕ್ಟಿವ್. ಬೆಲ್ಟ್‌ಗಳೂ ಗೆರೆ ಎಳೆದ ಹಾಗೆ ಸುಮ್ಮನಿದ್ದರೆ ಉಸಿರಾಡು ಅನ್ನುವ ಆಜ್ಞೆಯೇ ಮೆದುಳಿಂದ ಬಂದಿಲ್ಲ, ಅದು ಸೆಂಟ್ರಲ್. ಹೃದಯ ದುರ್ಬಲ ಆದವರಲ್ಲಿ ಉಸಿರು ಅಲೆಯ ಹಾಗೆ ಏರಿ, ಇಳಿದು, ನಿಂತು, ಮತ್ತೆ ಏರುವ ಒಂದು ಬಗೆ ಇದೆ, ಅದೂ ಈ ಗುಂಪಿನದೇ. ಹೊರಗಿಂದ ನೋಡುವವರಿಗೆ ಎರಡೂ ಒಂದೇ, ಉಸಿರು ನಿಂತಿದೆ ಅಷ್ಟೆ. ಚಿಕಿತ್ಸೆ ಮಾತ್ರ ಬೇರೆ ಬೇರೆ. ಹಾಗಾಗಿ ಬರೀ ಎಷ್ಟು ಅಂತ ಅಲ್ಲ, ಯಾವುದು ಎಷ್ಟು ಅಂತ ಕೇಳಬೇಕು.

ಆಕ್ಸಿಜನ್ ಗೆರೆ ನೋಡಿ ಮೊದಲು ನನಗೆ ಗೊಂದಲ ಆಯಿತು. ಉಸಿರು ನಿಂತಿದೆ, ಅಂಕಿ 95ರಲ್ಲೇ ಇದೆ. ಉಸಿರು ಶುರುವಾದ ಮೇಲೆ ಅದು 88ಕ್ಕೆ ಬೀಳುತ್ತೆ! ಶ್ವಾಸಕೋಶದಲ್ಲಿ ಆಗಿದ್ದು ರಕ್ತದ ಜೊತೆ ಹರಿದು ಬೆರಳ ತುದಿಗೆ ಬರೋಕೆ ಹೊತ್ತು ಬೇಕಲ್ಲ. ಬೆರಳು ಯಾವಾಗಲೂ ಸ್ವಲ್ಪ ಹಿಂದಿನ ಸುದ್ದಿ ಹೇಳುತ್ತೆ. ಬೆರಳಿಗೆ ಹಾಕುವ ಈ ಆಕ್ಸಿಮೀಟರ್ ಕ್ಲಿಪ್‌ನ ಹಿಂದಿನ ಕಥೆ ಓದಿ ನನಗೆ ತುಂಬಾ ಖುಷಿಯಾಯಿತು. ಬೆರಳಿನ ಮೂಲಕ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಹಾಯಿಸಿದರೆ ಚರ್ಮ, ಮೂಳೆ, ಮಾಂಸ ಎಲ್ಲವೂ ಬೆಳಕನ್ನು ಹೀರುತ್ತವೆ, ಅದರಲ್ಲಿ ರಕ್ತದ್ದು ಎಷ್ಟು ಅಂತ ಬಿಡಿಸುವುದು ಕಷ್ಟ. ಜಪಾನಿನ ತಕುವೊ ಅಯೊಯಾಗಿ ಅನ್ನುವ ಎಂಜಿನಿಯರ್ 1974ರಲ್ಲಿ ಮುಂದಿಟ್ಟ ಉಪಾಯ ಇಷ್ಟೆ: ನಾಡಿಯ ಜೊತೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೂಳೆ ಮಿಡಿಯುವುದಿಲ್ಲ, ಚರ್ಮ ಮಿಡಿಯುವುದಿಲ್ಲ, ಅಪಧಮನಿಯ ರಕ್ತ ಮಾತ್ರ ಮಿಡಿಯುತ್ತೆ. ಇವತ್ತು ಜಗತ್ತಿನ ಪ್ರತಿ ಆಸ್ಪತ್ರೆಯ ಬೆರಳ ಕ್ಲಿಪ್ ಒಳಗೆ ಇರುವುದು ಆ ಒಂದು ಯೋಚನೆ. ಅದಕ್ಕೂ ಮಿತಿ ಇದೆ. ಉಗುರಿನ ಬಣ್ಣ, ತಣ್ಣಗಿನ ಕೈ, ಅಲುಗಾಟ ಅದನ್ನು ದಾರಿ ತಪ್ಪಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಅದು ಕೆಲವೊಮ್ಮೆ ನಿಜಕ್ಕಿಂತ ಜಾಸ್ತಿ ತೋರಿಸುತ್ತೆ ಅಂತ 2020ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಗಟ್ಟಿಯಾಗಿ ಹೇಳಿದ ಮೇಲೆ ಈ ವಿಷಯಕ್ಕೆ ಬೇಕಾದ ಗಮನ ಸಿಕ್ಕಿತು. ನಮ್ಮಂಥ ಮೈಬಣ್ಣದವರಿಗೆ ಇದು ದೂರದ ಸುದ್ದಿ ಅಲ್ಲ ಅಲ್ವಾ?

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಗದ್ದದ ಗೆರೆ ದಾರದಷ್ಟು ತೆಳ್ಳಗಾಯಿತು, ಕಣ್ಣಿನ ಗೆರೆಗಳು ಆ ಕಡೆ ಈ ಕಡೆ ಹಾರತೊಡಗಿದವು. ಕನಸಿನ ನಿದ್ದೆ, ಆರ್‌ಇಎಂ. ಆ ಹೊತ್ತಲ್ಲಿ ದೇಹದ ಸ್ನಾಯುಗಳು ಸಡಿಲ ಆಗಿಬಿಡುತ್ತವೆ, ಗಂಟಲಿನದ್ದೂ ಸೇರಿ. ಅಪ್ಪನ ಅತ್ಯಂತ ಉದ್ದದ ನಿಲುಗಡೆ ಬಂದಿದ್ದು ಆಗಲೇ. 58 ಸೆಕೆಂಡ್. ನಾನು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಟೆಕ್ನಿಷಿಯನ್ ಮೆಲ್ಲಗೆ "ಬರ್ತಾರೆ ಮೇಡಂ, ಬರ್ತಾರೆ" ಅಂತ ಹೇಳ್ತಾ ಇದ್ದ. ಬಂದರು. ಕನಸಿನ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲೇ ಜಾಸ್ತಿ. ಟೆಸ್ಟ್‌ನ ರಾತ್ರಿ ಬೇಗ ಎದ್ದುಬಿಟ್ಟರೆ ಅತ್ಯಂತ ಕೆಟ್ಟ ಭಾಗವೇ ರೆಕಾರ್ಡ್ ಆಗದೆ ಹೋಗುತ್ತೆ.

ರಾತ್ರಿ ಮುಗಿದ ಮೇಲೆ ಕೆಲಸ ಮುಗಿಯಲಿಲ್ಲ. ಯಾರೋ ಒಬ್ಬರು ಕೂತು ಇಡೀ ರೆಕಾರ್ಡಿಂಗ್ ಓದಬೇಕು. ನಿದ್ದೆಯ ಹಂತಗಳನ್ನು 30 ಸೆಕೆಂಡ್‌ಗೆ ಒಂದು ಪುಟದ ಹಾಗೆ ಗುರುತು ಮಾಡುತ್ತಾರೆ. 7 ಗಂಟೆ ರೆಕಾರ್ಡಿಂಗ್ ಅಂದರೆ 840 ಪುಟ. ಸಾಫ್ಟ್‌ವೇರ್ ಸಹಾಯ ಮಾಡುತ್ತೆ, ಆದರೂ ಮನುಷ್ಯರ ಕಣ್ಣು ಹಾಯಲೇಬೇಕು. ಆ ಕೆಲಸ ಮಾಡುವವರ ತಾಳ್ಮೆಗೆ ನನ್ನ ನಮಸ್ಕಾರ.

ಅಪ್ಪ ಲ್ಯಾಬಲ್ಲಿ ನಿಜವಾಗಿ ನಿದ್ದೆ ಮಾಡಿದ್ದು ಐದೂವರೆ ಗಂಟೆ. ಘಟನೆಗಳು 143. ಭಾಗಿಸಿದರೆ 26. ಆದರೆ ನನ್ನ ಕಣ್ಣು ತೆರೆಸಿದ್ದು ಎರಡನೇ ಪುಟದ ಸಣ್ಣ ಕೋಷ್ಟಕ. ಅಂಗಾತ ಮಲಗಿದ್ದು ಎರಡೂವರೆ ಗಂಟೆ, ಅದರಲ್ಲಿ 120 ಘಟನೆ, ಅಂದರೆ ಗಂಟೆಗೆ 48. ಮಗ್ಗುಲಲ್ಲಿ ಮಲಗಿದ್ದು ಮೂರು ಗಂಟೆ, 23 ಘಟನೆ, ಗಂಟೆಗೆ 8ಕ್ಕೂ ಕಡಿಮೆ. ಅಂಗಾತ ಮಲಗಿದಾಗ ನಾಲಿಗೆಯ ಬುಡ ಮತ್ತು ಮೆದು ಅಂಗುಳ ಹಿಂದಕ್ಕೆ ಜಾರುತ್ತವೆ, ಕೆಲವರಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಆಗುತ್ತೆ. ಮನೆ ಟೆಸ್ಟ್ ರಾತ್ರಿ ಡಬ್ಬಿ ಎದೆಯ ಮೇಲೆ ಭಾರ ಅನ್ನಿಸುತ್ತೆ ಅಂತ ಅಪ್ಪ ಹೆಚ್ಚಿನ ಹೊತ್ತು ಎಡಮಗ್ಗುಲಲ್ಲೇ ಇದ್ದರು. ನಾನು ಸ್ಟಾಪ್‌ವಾಚ್ ಹಿಡಿದ ರಾತ್ರಿ ನಾವೇ ಅವರನ್ನು ಅಂಗಾತ ಮಲಗಿಸಿದ್ದೆವು. 8 ಸುಳ್ಳಲ್ಲ, 26ಕ್ಕೂ ಮೀರಿ ನಾನು ಎಣಿಸಿದ್ದೂ ಸುಳ್ಳಲ್ಲ. ಒಂದೇ ಗಂಟಲಿನ ಬೇರೆ ಬೇರೆ ರಾತ್ರಿಗಳು ಅವು.

ಇನ್ನೊಂದು ಸಾಲು ಇತ್ತು, ಕೊನೆಯಲ್ಲಿ. "ಶೇ. 4ರ ನಿಯಮದಂತೆ 17." ಅದೇ ರಾತ್ರಿ, ಅದೇ ರೆಕಾರ್ಡಿಂಗ್, ಮತ್ತೆ 17 ಯಾಕೆ? ಹೈಪಾಪ್ನಿಯಾ ಅನ್ನೋಕೆ ಆಕ್ಸಿಜನ್ ಎಷ್ಟು ಇಳಿಯಬೇಕು ಅನ್ನುವುದಕ್ಕೆ ಎರಡು ನಿಯಮ ಚಾಲ್ತಿಯಲ್ಲಿವೆ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2012ರಿಂದ ಶಿಫಾರಸು ಮಾಡುವುದು ಶೇ. 3 ಇಳಿತ ಅಥವಾ ಮೆದುಳಿನ ಎಚ್ಚರ. ಇನ್ನೊಂದು ನಿಯಮ ಶೇ. 4 ಇಳಿತವನ್ನೇ ಕೇಳುತ್ತೆ, ಎಚ್ಚರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಪ್ಪ ಎರಡರಲ್ಲೂ ಮಧ್ಯಮದಲ್ಲೇ ಬಂದರು. ಅಂಚಿನಲ್ಲಿರುವ ಒಬ್ಬರು ಒಂದು ನಿಯಮದಲ್ಲಿ ರೋಗಿ, ಇನ್ನೊಂದರಲ್ಲಿ ಆರೋಗ್ಯವಂತ. ಎರಡು ಕಡೆಯ ರಿಪೋರ್ಟ್ ಪಕ್ಕಪಕ್ಕ ಇಟ್ಟು ಹೋಲಿಸುವ ಮುಂಚೆ ಯಾವ ನಿಯಮ ಅಂತ ನೋಡಲೇಬೇಕು.

ಈ ಅಂಕಿಯ ಮೇಲೆ ನನಗಿರುವ ದೊಡ್ಡ ದೂರು ಬೇರೆ. 11 ಸೆಕೆಂಡ್‌ನ ಒಂದು ನಿಲುಗಡೆಯೂ ಒಂದು, ಅಪ್ಪನ ಆ 58 ಸೆಕೆಂಡ್ ಕೂಡ ಒಂದು. ಆಕ್ಸಿಜನ್ 92ಕ್ಕೆ ಇಳಿದರೂ ಒಂದು, 79ಕ್ಕೆ ಇಳಿದರೂ ಒಂದು. ಇದು ಹೇಗೆ ಸರಿ? ಅದಕ್ಕೇ ರಿಪೋರ್ಟ್‌ನಲ್ಲಿ ಎಎಚ್‌ಐ ಜೊತೆಗೆ ಇನ್ನೆರಡನ್ನು ಹುಡುಕಿ. ರಾತ್ರಿಯ ಅತ್ಯಂತ ಕಡಿಮೆ ಆಕ್ಸಿಜನ್ ಎಷ್ಟು, 90ರ ಕೆಳಗೆ ಎಷ್ಟು ನಿಮಿಷ ಇತ್ತು. ಅಪ್ಪನದು 79 ಮತ್ತು 31 ನಿಮಿಷ. ಸಂಶೋಧಕರೂ ಇದೇ ದಾರಿಯಲ್ಲಿ ಯೋಚಿಸುತ್ತಿದ್ದಾರೆ. ಇಳಿತ ಎಷ್ಟು ಆಳ, ಎಷ್ಟು ಹೊತ್ತು ಅನ್ನುವುದನ್ನು ಕೂಡಿಸಿ ಹೈಪಾಕ್ಸಿಕ್ ಬರ್ಡನ್ ಅನ್ನುವ ಅಳತೆ ಮಾಡಿದ್ದಾರೆ. 2019ರಲ್ಲಿ ಪ್ರಕಟವಾದ ಕೆಲಸದಲ್ಲಿ ಹೃದಯದ ಕಾಯಿಲೆಯಿಂದ ಆಗುವ ಸಾವಿನ ಅಪಾಯದ ಜೊತೆ ಎಎಚ್‌ಐಗಿಂತ ಇದಕ್ಕೇ ಗಟ್ಟಿ ನಂಟು ಕಂಡಿತು. ಇನ್ನೂ ಎಲ್ಲಾ ರಿಪೋರ್ಟ್‌ನಲ್ಲಿ ಬರುವುದಿಲ್ಲ. ಬೇಗ ಬರಲಿ.

ಇದನ್ನೆಲ್ಲಾ ಗೆಳತಿಯೊಬ್ಬಳಿಗೆ ಹೇಳಿದಾಗ ಅವಳು ಕೇಳಿದ್ದು "ವಾಚಲ್ಲೇ ಬರುತ್ತಲ್ಲಾ, ಅಷ್ಟು ತಂತಿ ಯಾಕೆ?" ಅಂತ. ಬರುತ್ತೆ, ನಿಜ. 2024ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ವಾಚಿನ ಸೌಲಭ್ಯಕ್ಕೆ, ಅದೇ ಸೆಪ್ಟೆಂಬರಲ್ಲಿ ಆಪಲ್ ವಾಚಿನದಕ್ಕೆ ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಸ್ಯಾಮ್‌ಸಂಗ್ ಮಣಿಕಟ್ಟಿನ ಆಕ್ಸಿಜನ್ ಏರಿಳಿತ ನೋಡುತ್ತೆ, ಎರಡು ರಾತ್ರಿಯ ನಿದ್ದೆ ಸಾಕು. ಆಪಲ್ ಬೇರೆ ದಾರಿ ಹಿಡಿದಿದೆ. ಉಸಿರಿಗೆ ತೊಂದರೆ ಆದಾಗ ಮಣಿಕಟ್ಟಿನಲ್ಲಿ ಆಗುವ ಪುಟ್ಟ ಪುಟ್ಟ ಅಲುಗಾಟಗಳನ್ನು ಆಕ್ಸೆಲರೋಮೀಟರ್‌ನಿಂದ ಹಿಡಿದು, 30 ದಿನದ ರಾತ್ರಿಗಳನ್ನು ಒಟ್ಟಿಗೆ ನೋಡಿ, ಮಧ್ಯಮ ಅಥವಾ ತೀವ್ರ ತೊಂದರೆಯ ಲಕ್ಷಣ ಕಂಡರೆ ಎಚ್ಚರಿಸುತ್ತೆ. ಹಲವು ರಾತ್ರಿ ನೋಡುವುದು ನನಗೆ ತುಂಬಾ ಇಷ್ಟ ಆಯಿತು, ಯಾಕೆಂದರೆ ಒಂದು ರಾತ್ರಿಯ ಮಾತನ್ನು ನಂಬಿ ನಾವು ಮೋಸ ಹೋದವರು. ಆದರೆ ವಾಚ್ ಹೇಳುವುದು "ಹೋಗಿ ತೋರಿಸಿ" ಅನ್ನುವಷ್ಟು ಮಾತ್ರ. ಅದು ಏನೂ ಹೇಳಲಿಲ್ಲ ಅಂದರೆ ತೊಂದರೆ ಇಲ್ಲ ಅಂತ ಅರ್ಥ ಅಲ್ಲ, ಆ ಕಂಪನಿಗಳೇ ಹಾಗಂತ ಬರೆದಿವೆ. ಪಕ್ಕದಲ್ಲಿ ಮಲಗಿದವರು "ನಿಮ್ಮ ಉಸಿರು ನಿಲ್ಲುತ್ತೆ" ಅಂದರೆ, ವಾಚ್ ಸುಮ್ಮನಿದ್ದರೂ ಹೋಗಿ. ಪಕ್ಕದಲ್ಲಿ ಯಾರೂ ಇಲ್ಲದವರು ಫೋನನ್ನು ತಲೆ ಹತ್ತಿರ ಇಟ್ಟು ಒಂದು ರಾತ್ರಿಯ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಗೊರಕೆ, ಮೌನ, ಗಕ್ ಅನ್ನುವ ಸದ್ದು, ಈ ಮೂರು ಒಂದರ ಹಿಂದೆ ಒಂದು ಬರ್ತಾ ಇದ್ದರೆ ಡಾಕ್ಟರಿಗೆ ಕೇಳಿಸಿ.

ಅಪ್ಪ ಈಗ ಸಿಪ್ಯಾಪ್ ಹಾಕಿಕೊಳ್ಳುತ್ತಾರೆ. ಮೂಗಿನ ಮೇಲೆ ಮಾಸ್ಕ್, ಅದರಿಂದ ಬರುವ ಗಾಳಿಯ ಒತ್ತಡ ಗಂಟಲನ್ನು ಮುಚ್ಚಲು ಬಿಡುವುದಿಲ್ಲ. ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಲೋಕಕ್ಕೆ ಹೇಳಿದರು. ಅದಕ್ಕೂ ಮುಂಚೆ ತೀವ್ರ ತೊಂದರೆ ಇದ್ದವರಿಗೆ ಇದ್ದ ದೊಡ್ಡ ದಾರಿ ಅಂದರೆ ಕುತ್ತಿಗೆಯಲ್ಲಿ ರಂಧ್ರ ಮಾಡುವುದು. ಮೊದಲ ವಾರ ಅಪ್ಪನಿಗೆ ತುಂಬಾ ಕಷ್ಟ ಆಯಿತು, ಮಾಸ್ಕ್ ಕಿತ್ತೆಸೆದರು, ಅಮ್ಮ ಮತ್ತೆ ಹಾಕಿದರು. ಮೂರನೇ ವಾರದ ಒಂದು ಮಧ್ಯಾಹ್ನ ಅವರು ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಒಂದೇ ಸಲ ಕೂತು ಓದಿ ಮುಗಿಸಿದರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಾ ಇದ್ದರು.

ಪ್ರತಿ ಬೆಳಿಗ್ಗೆ ಮಷೀನ್ ಕೂಡ ಒಂದು ಎಎಚ್‌ಐ ತೋರಿಸುತ್ತೆ. ನಿನ್ನೆ 2.4. ಅಪ್ಪ ಫೋನ್ ಮಾಡಿ ಹೆಮ್ಮೆಯಿಂದ ಹೇಳಿದರು. ನನಗೂ ಸಂತೋಷ ಆಯಿತು, ಆದರೆ ಈಗ ಯಾವ ಅಂಕಿ ಕಂಡರೂ ಮೊದಲು ಎಣಿಸಿದ್ದು ಹೇಗೆ ಅಂತ ಕೇಳುತ್ತೇನೆ. ಮಷೀನ್ ನೋಡುವುದು ಮಾಸ್ಕ್ ಒಳಗಿನ ಗಾಳಿಯ ಹರಿವನ್ನು ಮಾತ್ರ. ಆಕ್ಸಿಜನ್ ಗೊತ್ತಿಲ್ಲ, ನಿದ್ದೆ ಎಚ್ಚರ ಗೊತ್ತಿಲ್ಲ. ಭಾಗಿಸುವುದು ಮಾಸ್ಕ್ ಹಾಕಿದ ಗಂಟೆಗಳಿಂದ. ಅಪ್ಪ ಈಗಲೂ ಮೂರೂವರೆಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದರೆ ಕೆಲವು ದಿನ ಮಾಸ್ಕ್ ಮತ್ತೆ ಹಾಕುವುದಿಲ್ಲ. ಮೂರೂವರೆಯಿಂದ ಆರರ ತನಕ, ಆ ಕನಸಿನ ನಿದ್ದೆಯ ಹೊತ್ತು, ಯಾರ ಲೆಕ್ಕದಲ್ಲೂ ಇಲ್ಲ.

"ಅಪ್ಪಾ, ಎಷ್ಟು ಗಂಟೆ ಅಂತ ತೋರಿಸ್ತಾ ಇದೆ?"

"ನಾಲ್ಕು ಗಂಟೆ ಹತ್ತು ನಿಮಿಷ."

"ಬೆಳಿಗ್ಗೆ ಏಳುವ ತನಕ ಹಾಕ್ಕೊಳ್ಳಿ. ಆಮೇಲೆ ಎಷ್ಟು ಬರುತ್ತೆ ಹೇಳಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಯ್ತು ಪುಟ್ಟಾ" ಅಂದರು. ಮುಂದಿನ ತಿಂಗಳು ಮಾಸ್ಕ್ ಜೊತೆಗೇ ಒಂದು ರಾತ್ರಿ ಬೆರಳಿಗೆ ಆಕ್ಸಿಮೀಟರ್ ಹಾಕಿ ಪೂರ್ತಿ ರೆಕಾರ್ಡ್ ಮಾಡಿಸೋಣ ಅಂತ ಡಾಕ್ಟರ ಹತ್ತಿರ ಮಾತಾಡಿದ್ದೇನೆ. ಆ ರಾತ್ರಿ ನಾನು ಅಲ್ಲೇ ಮಲಗ್ತೀನಿ, ಅಪ್ಪನ ರೂಮಲ್ಲೇ.